ಗುಡಾಣದ ಬಾಯಿಗೆ ಮೊಹರು

“ಅವ್ವ, ಕಾಯಿದೆ ದೊಡ್ಡದೋ, ಹೊಸತು ದೊಡ್ಡದೋ?” ಎಂದು ಶಿಷ್ಯೆ ಗುರುವನ್ನು ಕೇಳಿದಳು. ಅವಳು ಯೀಸ್ಟಿನ ಜೀನು ತಿದ್ದಿ, ಹಣ್ಣಿನ ರಸವನ್ನು ಬೇಗ ಹುಳಿಸುವ ತಳಿಯೊಂದನ್ನು ಬೆಳೆಸಿದ್ದಳು. ಅದನ್ನು ಬಳಕೆಗೆ ತರಲು ಅಪ್ಪಣೆ ಕೊಡಬೇಕಾದವರು ಕೊಡುತ್ತಲೂ ಇರಲಿಲ್ಲ, ಇಲ್ಲವೆನ್ನುತ್ತಲೂ ಇರಲಿಲ್ಲ.

ಗುರು ಒಂದು ಕತೆ ಹೇಳಿದರು.

ಒಂದು ಊರು. ಅಲ್ಲಿ ಮನೆಮನೆಯಲ್ಲೂ ಮದ್ಯ ಮಾಡುತ್ತಿದ್ದರು. ರಾತ್ರಿ ರಸ ಹುಳಿಯುವ ಮಣ್ಣಿನ ಗುಡಾಣಗಳು ಗೊಣಗುತ್ತಿದ್ದವು; ಊರು ಅದನ್ನೇ ಜೋಗುಳವೆಂದುಕೊಂಡು ಮಲಗುತ್ತಿತ್ತು. ರಸ ಹುಳಿಸಲು ಹಾಕುವ ಹುದುಗು ಒಂದೊಂದು ಮನೆಯದು ಒಂದೊಂದು ಬಗೆ. ಅದನ್ನು ಅತ್ತೆ ಸೊಸೆಗೆ ಕೊಡುತ್ತಿದ್ದಳು. ಕನಸಿನಲ್ಲಿ ದಾರಿ ತಪ್ಪಿದವರು ಕೂಡ ವಾಸನೆ ಹಿಡಿದು ತಮ್ಮ ಮನೆಯ ಬಾಗಿಲಿಗೇ ಬರುತ್ತಿದ್ದರಂತೆ.

ಆ ಊರಿನ ಒಬ್ಬ ಹೆಂಗಸು ಹೊಸ ಹುದುಗೊಂದನ್ನು ಕಂಡುಕೊಂಡಳು. ಉಳಿದವು ತಿಂಗಳಿಡೀ ಮಾಡುವ ಕೆಲಸವನ್ನು ಅದು ಒಂದೇ ರಾತ್ರಿಯಲ್ಲಿ ಮಾಡುತ್ತಿತ್ತು. ಪಕ್ಕದ ಮನೆಯ ಮುದುಕಿ ಅವಳನ್ನು ಬೇಡಿಕೊಂಡದ್ದು ಒಂದೇ ಮಾತು: “ನಿನ್ನದು ಬೆಳೆಯಲಿ ಮಗಳೆ. ನಮ್ಮತ್ತೆ ಕೊಟ್ಟದ್ದರ ಹತ್ತಿರ ಮಾತ್ರ ಬಾರದ ಹಾಗೆ ನೋಡಿಕೊ. ಅವರದು ಅಂತ ನನ್ನ ಬಳಿ ಉಳಿದಿರುವುದು ಅದೊಂದೇ.”

ಹೆಂಗಸು ಅಪ್ಪಣೆ ಕೇಳಲು ಊರ ಪಾರುಪತ್ಯಗಾರನ ಬಳಿ ಹೋದಳು.

“ಇದು ಪಕ್ಕದ ಮನೆಗೆ ಹೋದರೆ?” ಎಂದ ಅವನು.

“ಹೇಗೆ ಹೋದೀತು ಸ್ವಾಮಿ? ಅದಕ್ಕೆ ಕಾಲಿಲ್ಲ.”

“ಕಾಲಿಲ್ಲದ್ದೇ ದೂರ ಹೋಗುವುದು, ತಾಯಿ. ಚಾಡಿಮಾತು ನೋಡಿಲ್ಲವೇ?”

ಅವನಿಗೆ ಹೆದರಿಕೆ. ಅವಳ ಗುಡಾಣದ ಬಾಯಿಗೆ ಜೇಡಿಮಣ್ಣು ಮೆತ್ತಿಸಿ, ಮೇಲೆ ಅಪ್ಪಣೆಯ ಮೊಹರು ಒತ್ತಿದ. ಹುದುಗು ಉಸಿರಾಡುತ್ತದೆ, ಬಾಯಿಗೆ ಬಟ್ಟೆಯಷ್ಟೇ ಕಟ್ಟಬೇಕು ಎನ್ನುವುದು ಆ ಊರಿನ ಮಕ್ಕಳಿಗೂ ಗೊತ್ತು. ಅವಳಿಗೆ ಗೊತ್ತಿರಲಿಲ್ಲವೆ? ವಾದಕ್ಕೆ ಇಳಿದರೆ ಅಪ್ಪಣೆ ತಪ್ಪೀತೆಂದು ಸುಮ್ಮನಾದಳು. ಮೊಹರು ಬಿದ್ದದ್ದೇ ತಡ, ಸುದ್ದಿ ಸಾರಲು ಆಚೆ ಊರಿಗೆ ಹೊರಟಳು. ಪಾರುಪತ್ಯಗಾರ ಮನೆಗೆ ಹೋಗಿ ನಿಶ್ಚಿಂತೆಯಿಂದ ಮಲಗಿದ. ಕಾವಲಿಗೆ ಮೊಹರು ಇದೆಯಲ್ಲ ಎಂದು ಇಬ್ಬರೂ ಅಂದುಕೊಂಡರು.

ಗುಡಾಣ ಏದುಸಿರು ಬಿಟ್ಟಿತು. ಬಿರುಕು ಬಿಟ್ಟಿತು. ಒಡೆಯಿತು. ನೊರೆ ನಿದ್ದೆಯ ಹಾಗೆ ಸದ್ದಿಲ್ಲದೆ ಬೀದಿಗೆ ಇಳಿಯಿತು. ಕಾಲಿಲ್ಲದ್ದು ನೊಣಗಳ ಕಾಲನ್ನು ಎರವಲು ಪಡೆದು ಮನೆಮನೆಯ ಗುಡಾಣ ಹೊಕ್ಕಿತು. ಬೆಳಗಾಗುವಾಗ ಎಲ್ಲ ಗುಡಾಣಗಳೂ ಒಂದೇ ದನಿಯಲ್ಲಿ ಗೊಣಗುತ್ತಿದ್ದವು. ರುಚಿ ಚೆನ್ನಾಗಿಯೇ ಇತ್ತು. ಜನ ಕುಡಿದು ಹೊಗಳಿದರು. ಮುದುಕಿ ಮಾತ್ರ ತನ್ನ ಗುಡಾಣದಿಂದ ಒಂದು ಗುಟುಕು ಕುಡಿದು, ನಡುಮನೆಯಲ್ಲಿ ನಿಂತು, “ಇದು ಯಾರ ಮನೆ?” ಎಂದು ಕೇಳಿದಳು.

ಶಿಷ್ಯೆ ತಡೆಯಲಾರದೆ ಹೇಳಿದಳು: “ಹಾಗಾದರೆ ತಪ್ಪು ಪಾರುಪತ್ಯಗಾರನದೇ ಅವ್ವ. ಬಟ್ಟೆ ಕಟ್ಟಿದ್ದರೆ ಸಾಕಿತ್ತು.”

“ಬಟ್ಟೆ ಕಟ್ಟಿದ ಗುಡಾಣದ ಪಕ್ಕದಲ್ಲಿ ಯಾರಾದರೂ ಕೂತಿರಬೇಕು,” ಎಂದರು ಗುರು. “ಅಪ್ಪಣೆ ಬಂದ ಮರುದಿನ ನೀನು ಎಲ್ಲಿರುತ್ತೀ?”