ಕಟ್ಟುಹಾವು ಕೊಟ್ಟ ರೆಪ್ಪೆ

ಭೂಮಿ ಇನ್ನೂ ಹಸಿಹಸಿ ಇತ್ತು, ಬೆಟ್ಟಗಳು ಕೂರೋಕೆ ಜಾಗ ಹುಡುಕ್ತಿದ್ವು, ಅಷ್ಟು ಹಳೇ ಕಾಲ! ಆಗ ರೆಪ್ಪೆ ಇದ್ದಿದ್ದು ಯಾರಿಗೆ ಗೊತ್ತಾ? ಮನುಷ್ಯರಿಗಲ್ಲ, ಹಾವಿಗೆ! ಕಪ್ಪು ಮೈಮೇಲೆ ಬಿಳೀ ಪಟ್ಟೆ ಇರುತ್ತಲ್ಲ, ಆ ಕಟ್ಟುಹಾವಿಗೆ!

ಅವಳಿಗೆ ರೆಪ್ಪೆ ಅಂದ್ರೆ ಪ್ರಾಣ. ಯಾಕಂದ್ರೆ ಅವಳವ್ವ ಸತ್ತುಹೋಗಿದ್ಲು. ಆದ್ರೆ ಕಣ್ಣು ಮುಚ್ಚಿದ್ರೆ ಸಾಕು, ಅವ್ವ ಬಂದು ಅವಳ ಸುತ್ತ ಸುರುಳಿ ಸುತ್ಕೊಂಡು ಮಲಗೋಳು.

ಒಂದಿನ ಗಾಳಿ ಓಡೋಡಿ ಬಂತು. “ಅಕ್ಕಾ, ಅಕ್ಕಾ! ಊರಲ್ಲಿ ಹೊನ್ನಿ ಅಂತ ಒಬ್ಳಿದಾಳಲ್ಲ, ಅವಳ ಮಗು ಹುಟ್ಟಿದಾಗಿಂದ ನಿದ್ದೇನೇ ಮಾಡಿಲ್ಲ! ದೊಡ್ಡೋರು ಕಣ್ಮೇಲೆ ಎಲೆ ಇಟ್ಕೊಂಡು ಮಲಗ್ತಾರೆ, ಇದು ಎಲೇನೆಲ್ಲ ಕಿತ್ತು ಬಿಸಾಕುತ್ತೆ! ತೊಟ್ಟಿಲು ತೂಗಿ ತೂಗಿ ನಾನೇ ಸುಸ್ತಾದೆ!”

ಹಾವು ಹೋಗಿ ನೋಡಿದ್ಲು. ಮಗು ಕಣ್ಣು ಕೆಂಡ! ಹಾವು ತನ್ನ ರೆಪ್ಪೆ ಕಳಚಿ ಹೊನ್ನಿ ಕೈಗಿಟ್ಲು.

“ತಗೊಳ್ಳೇ ಹೊನ್ನಿ, ನನ್ನ ರೆಪ್ಪೆ ಹಾಕಿ ಮಲಗಿಸು. ನಾಳೆ ವಾಪಸ್ ಕೊಡು.”

ಮಗು ಮಲಗ್ತು! ಅಬ್ಬಾ, ಎಂಥ ನಿದ್ದೆ!

ಮಾರನೇ ದಿನ ಹಾವು ಹೊರಟ್ರೆ ಬಿಸಿಲು ಸೂಜಿ ಥರ ಕಣ್ಣಿಗೆ ಚುಚ್ತು. ರೆಪ್ಪೆ ಇಲ್ವಲ್ಲ! ಕತ್ತಲಾಗ್ಲಿ ಅಂತ ಕಾದು ಕಾದು ಬಂದ್ಲು.

“ಅಯ್ಯೋ ಅಕ್ಕಾ, ದೀಪ ಹಚ್ಚಾಯ್ತಲ್ಲ!” ಅಂದ್ಲು ಹೊನ್ನಿ. “ದೀಪ ಹಚ್ಚಿದ್ಮೇಲೆ ಉಪ್ಪು ಕೊಡಲ್ಲ, ಹೆಪ್ಪು ಕೊಡಲ್ಲ, ರೆಪ್ಪೆ ಕೊಡ್ತಾರಾ? ಬೆಳಿಗ್ಗೆ ಬಾ.”

“ಬಿಸಿಲಲ್ಲಿ ಬರೋಕಾಗಲ್ಲ ಕಣೇ.”

“ಹಂಗಾದ್ರೆ ನಾಳೆ ದೀಪಕ್ಕೆ ಮುಂಚೆ ಬಾ.”

ಮಾರನೇ ಸಂಜೆ ಬಂದ್ಲು, ದೀಪ ಉರೀತಿತ್ತು. ಅದರ ಮಾರನೇ ಸಂಜೆ ಬಂದ್ಲು, ದೀಪ ಉರೀತಿತ್ತು. ಹೊನ್ನಿ ಬೇಕಂತ್ಲೇ ಸೂರ್ಯ ಮುಳುಗೋಕೆ ಮುಂಚೇನೇ ಬತ್ತಿ ಹಚ್ಚೋಳು! ಕೆಟ್ಟೋಳಲ್ಲ ಅವಳು. ಮಲಗಿರೋ ಮಗು ಮುಖ ನೋಡಿದ್ರೆ ಕೊಡೋಕೆ ಮನಸ್ಸೇ ಬರ್ತಿರ್ಲಿಲ್ಲ, ಅಷ್ಟೇ.

ಮಗು ಬೆಳೀತು, ಅದಕ್ಕೂ ಮಕ್ಕಳಾದ್ವು, ಎಲ್ಲರಿಗೂ ಹುಟ್ಟುತ್ಲೇ ರೆಪ್ಪೆ! ಹಾವಿನ ಮರಿಗಳಿಗೆ ಮಾತ್ರ ಇಲ್ಲ.

“ಅವ್ವನ ಮುಖ ಮರೀತಾ ಇದೀನಿ,” ಅಂತ ಹಾವು ಗಾಳಿ ಹತ್ರ ಹೇಳ್ಕೊಂಡು ಅತ್ತಳು.

ಕೊನೆಗೆ ಒಂದಿನ ರಾತ್ರಿ ಹಾವು, ಹೊನ್ನಿ ಮೊಮ್ಮಗ ಮಲಗಿದ್ದಾಗ ಅವನ ಹತ್ರ ಹೋಗಿ, ನೋವಾಗದಂಗೆ, ಇರುವೆ ಮುಟ್ಟಿದಂಗೆ ಬಾಯಿಟ್ಟು, ಹಲ್ಲು ತಾಗಿಸಿ ಕೇಳಿದ್ಲು. “ಕೊಡೋ ಕಂದಾ, ಒಂದೇ ಒಂದು ಸಲ.”

ರೆಪ್ಪೆಗೆ ತನ್ನ ಒಡತಿ ಗುರುತು ಸಿಕ್ಬಿಡ್ತು! ಇಳೀತು, ಇಳೀತು, ಜೋತುಬಿತ್ತು. ಆದ್ರೆ ಕಳಚಿ ಬರಲೇ ಇಲ್ಲ. ಹೊನ್ನಿ ಚೀರ್ಕೊಂಡು ಹುಡುಗನ್ನ ಎತ್ಕೊಂಡು ವಿಷಕ್ಕೆ ಮದ್ದು ಕೊಡೋರ ಮನೆಗೆ ಓಡಿದ್ಲು. ಹುಡುಗ ಉಳ್ಕೊಂಡ. ಹಾವು ಬರಿಗಣ್ಣಲ್ಲೇ ಕತ್ತಲೆಗೆ ವಾಪಸ್ ಹೋದ್ಲು.

ಅದಕ್ಕೇ ಕಟ್ಟುಹಾವು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗಲ್ಲ, ರೆಪ್ಪೆ ಜೋತುಬೀಳುತ್ತೆ, ತಕ್ಷಣ ಆಸ್ಪತ್ರೆಗೆ ಓಡ್ಬೇಕು. ಹಾವು ಮಾತ್ರ ಇವತ್ತಿಗೂ ಕಣ್ಣು ಬಿಟ್ಕೊಂಡೇ ಮಲಗುತ್ತೆ, ನೋಡು. ಮುಚ್ಚೋಕೆ ಬಂದಿದ್ರೆ ಅವ್ವ ಬರ್ತಿದ್ಲು.