ಹೊನ್ನಾಯಿ ಗೋಡೆಗೆ ಹೇಳಿದ ಮಾತು

ಒಂದಾನೊಂದು ಊರು, ಊರ ಮಗ್ಗುಲಿಗೆ ಒಂದು ಹೊಳೆ. ಹೊಳೆ ದಂಡೆಯಲ್ಲಿ ಬುಟ್ಟಿ ಹೆಣೆಯುವ ಮೇದಾರರ ಮನೆ. ಆ ಮನೆಯಲ್ಲಿ ಹೊನ್ನಾಯಿ ಅಂತ ಒಬ್ಬಳೇ ಮಗಳಿದ್ದಳಂತೆ. ಕೈ ಬಲು ಚುರುಕು, ಬಾಯಿಗೆ ಮಾತ್ರ ಬೀಗ. ನಾಲ್ಕು ಜನರ ಮುಂದೆ ನಿಂತರೆ ಸಾಕು, ನಾಲಿಗೆ ಒಣಗಿ ಅಂಗುಳಿಗೆ ಅಂಟುತ್ತಿತ್ತಂತೆ.

ಹೊಳೆಯಲ್ಲಿ ಹರಿಗೋಲು ನಡೆಸುವ ಭರಮನ ಮೇಲೆ ಅವಳಿಗೆ ಜೀವ. ಅವನು ಆಗಾಗ ಅವರ ಮನೆಗೆ ಬರುವನು. "ಬುಟ್ಟಿ ಆತೇನು?" ಅನ್ನುವನು. "ಆತು" ಅನ್ನುವಳು. ಅವನು ಆ ದಂಡೆಯ ಸಂತೆಗೆ ಹೊತ್ತುಕೊಂಡು ಹೋಗಿಬಿಡುವನು. ನಾಳೆ ಹೇಳುತ್ತೇನೆ ಅಂದುಕೊಳ್ಳುವಳು. ನಾಳೆಯೂ ಹಾಗೇ, ನಾಳಿದ್ದೂ ಹಾಗೇ.

ಎದೆಯಲ್ಲಿದ್ದದ್ದನ್ನು ಬಿದಿರು ಮೆಳೆಯೊಳಗೆ ಕೂತು ಒಬ್ಬಳೇ ಹೇಳಿಕೊಳ್ಳುತ್ತಿದ್ದಳಂತೆ. ಅಲ್ಲೊಂದು ಗಿಳಿ ಇತ್ತು. ಕೇಳಿ ಕೇಳಿ ಅದಕ್ಕೇ ತಡೆಯಲಾಗಲಿಲ್ಲ.

"ನಿನ್ನ ಕೈಲೆ ಆಗದಿದ್ರ ಬಿಡು, ನಾ ಹೋಗಿ ಹೇಳತೀನಿ."

"ಹೇಳು. ಆದ್ರ ನನ್ನ ಹೆಸರು ತೆಗೀಬ್ಯಾಡ. ಅವ ನಕ್ಕುಬಿಟ್ರ?"

ಗಿಳಿ ಹಾರಿ ಹೋಗಿ ಹರಿಗೋಲಿನ ಅಂಚಿಗೆ ಕೂತಿತು. "ಭರಮಾ, ನೀ ಹೊಳಿ ದಾಟಿ ಬರೋತನಕ ಒಬ್ಬಾಕಿ ಉಸಿರು ಹಿಡಿದು ಕೂತಿರತಾಳ" ಅಂದಿತು. "ಯಾರಾಕಿ?" ಅಂದ ಭರಮ. ಗಿಳಿ ಕೊಟ್ಟ ಮಾತಿಗೆ ಕಟ್ಟುಬಿದ್ದು ಪುರ್ರನೆ ಹಾರಿಹೋಯಿತು.

ಅಲ್ಲೇ ಬಟ್ಟೆ ಒಗೆಯುತ್ತಿದ್ದ ಆಚೆ ಓಣಿಯ ಸಿದ್ದವ್ವ ಅದನ್ನೆಲ್ಲ ಕೇಳಿದಳು. ಅವಳಿಗೂ ಭರಮನ ಮೇಲೆ ಮನಸ್ಸಿತ್ತು. "ನಾನೇ" ಅಂದುಬಿಟ್ಟಳಂತೆ. ಭರಮ ಹಿಂದುಮುಂದಿಲ್ಲದ ಒಂಟಿ. ತನಗಾಗಿ ಕಾಯುವ ಜೀವ ಒಂದಿದೆ ಅಂತ ಅವನ ಕಣ್ಣು ತುಂಬಿತು. ಹೂಂ ಅಂದ.

ಮದುವೆ ಗೊತ್ತು ಮಾಡಿ ವೀಳ್ಯ ಬದಲಿಸುವ ದಿನ ಬಂತು. ಹಲಗೆ ಬಡಿಯುವ ಸದ್ದು ಕೇಳಿ ಹೊನ್ನಾಯಿ ಯಾರ ಮದುವೆ ಅಂದಳು. ಗಿಳಿ ತಲೆ ತಗ್ಗಿಸಿ ಹೇಳಿತು: "ಭರಮಂದು. ನಿನ್ನ ಮಾತನ್ನ ಸಿದ್ದವ್ವ ತನ್ನದು ಅಂದಾಳ. ಮತ್ತ ನಾನೇ ಹೋಗಲೇನು?"

"ಬ್ಯಾಡ" ಅಂದವಳೇ ಎದ್ದಳು. ಕೈಯಲ್ಲಿದ್ದ ಬಿದಿರಿನ ಸೀಳು ಹಾಗೇ ಜಾರಿಬಿತ್ತು.

ಊರ ಹಿರಿಯ ಮಲ್ಲಜ್ಜನ ಪಡಸಾಲೆ ತುಂಬ ಜನ. ತಟ್ಟೆಯಲ್ಲಿ ಎಲೆ ಅಡಿಕೆ. ಹೊನ್ನಾಯಿ ಒಳಗೆ ಬಂದು ನಿಂತಳು. ಎಲ್ಲರ ಕಣ್ಣೂ ಅವಳ ಮೇಲೆ. ಬಾಯಿ ತೆರೆದಳು, ದನಿ ಬರಲಿಲ್ಲ.

"ಏನವ್ವಾ? ಹೇಳಾದಿದ್ರ ಹೇಳು. ಹೊತ್ತು ಮೀರತೈತಿ" ಅಂದ ಮಲ್ಲಜ್ಜ.

ಹೆಂಗಸರು ಕಿಸಕ್ಕನೆ ನಕ್ಕರು. ಹೊನ್ನಾಯಿ ತಿರುಗಿ ಹೊಸ್ತಿಲ ತನಕ ಹೋದಳು. ಒಂದು ಕಾಲು ಹೊರಗೂ ಇಟ್ಟಳು. ಅಲ್ಲೇ ನಿಂತಳು. ಆಮೇಲೆ ಏನು ಮಾಡಿದಳು ಗೊತ್ತೇ? ಕಾಲನ್ನು ಒಳಗೆಳೆದುಕೊಂಡು, ಜನರಿಗೆ ಬೆನ್ನು ಹಾಕಿ, ಮಣ್ಣಿನ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟಳಂತೆ.

"ಭರಮಾ, ಉಸಿರು ಹಿಡಿದು ಕಾಯಾಕಿ ನಾನು. ಹೊಳಿ ಕೆಂಪಾಗಿ ಬಂದಾಗ ನೀ ಆ ದಂಡಿಗೆ ಹೊಂಟ್ರ ನನ್ನ ಕೈಯಾಗ ಬಿದಿರು ಮುರೀತಾವ. ನೀ ಬರೋದ್ರೊಳಗ ಮುರಿದದ್ದನ್ನ ಬಚ್ಚಿಟ್ಟು ಸುಮ್ಮನ ಕೂತಿರತೀನಿ. ಒಲ್ಲೆ ಅಂದ್ರ ಒಲ್ಲೆ ಅನ್ನು, ನಾ ತಡಕೋತೀನಿ. ಆದ್ರ ಆ ಮಾತು ನಂದು."

ಬೆನ್ನ ಹಿಂದೆ ಯಾರು ನಗುತ್ತಿದ್ದಾರೆ, ಯಾರು ಸಿಟ್ಟಾಗಿದ್ದಾರೆ, ಅವಳಿಗೆ ಒಂದೂ ಕಾಣದು. ಯಾರೋ ಎದ್ದ ಸಪ್ಪಳ. ಹೆಜ್ಜೆ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಹೊನ್ನಾಯಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

ಭರಮ ಬಂದು ಅವಳ ಮಗ್ಗುಲಿಗೆ ನಿಂತ. ಅವನೂ ಗೋಡೆಗೆ ಮುಖ ಮಾಡಿದ.

"ನಂಗೂ ಮಂದಿ ಮುಂದ ಮಾತು ಬರಂಗಿಲ್ಲ, ಹೊನ್ನಾಯಿ" ಅಂದ. "ನೀನ ಅಂತ ಗೊತ್ತಾಗಿದ್ರ ಅವತ್ತ ಓಡಿ ಬರತಿದ್ದೆ."

ಸಿದ್ದವ್ವನ ಮುಖ ಬಿಳಿಚಿತು. ಕೂತಲ್ಲಿಂದ ಎದ್ದಳಂತೆ. "ಆ ಮಾತು ನಂದಲ್ಲ. ಕೇಳಿದಾಗ ನಂದಾಗಿದ್ರ ಅನ್ನಿಸ್ತು, ಅಂದುಬಿಟ್ಟೆ" ಅಂತ ಕಣ್ಣೊರೆಸಿಕೊಂಡು, ವೀಳ್ಯದ ತಟ್ಟೆಯನ್ನು ತಾನೇ ತಂದು ಹೊನ್ನಾಯಿಯ ಕೈಗಿಟ್ಟಳು. ಮಲ್ಲಜ್ಜ ಹರಸಿದ. ಹಲಗೆ ಮತ್ತೆ ಮೊಳಗಿತು.

ಅವರು ಆ ದಂಡೆಯಲ್ಲಿ ಮನೆ ಕಟ್ಟಿ ಸುಖವಾಗಿದ್ದರಂತೆ. ನಾವು ಈ ದಂಡೆಯಲ್ಲಿ ಕೂತು ಅವರ ಕಥೆ ಹೇಳಿಕೊಂಡೆವು.