ಮೂವತ್ತೆಂಟನೆಯ ತಲೆ

ಸಿರಿಕೋಟೆಯ ರಾಣಿ ಮಲ್ಲಾಂಬಿಕೆ ಡಂಗುರ ಹೊಡೆಸಿದಳು: "ಏಳು ರಾಜ್ಯದವರು ನಂಬಿ ಒಡವೆ ಇಟ್ಟಿರುವ ನಮ್ಮ ಖಜಾನೆಯ ಬಾಗಿಲು ಕಾಯುವ ಯಂತ್ರಕ್ಕೆ ಒಬ್ಬ ಪಾಲಕ ಬೇಕು. ಮೂರು ಒಗಟು ಬಿಡಿಸಿದವನಿಗೆ ಕೆಲಸ. ಬಿಡಿಸದವನು ಯಂತ್ರವನ್ನು ಕಣ್ಣಾರೆ ಕಂಡಿರುತ್ತಾನಾದ್ದರಿಂದ, ಗುಟ್ಟು ಹೊರಬೀಳದಂತೆ ಅವನ ತಲೆಯನ್ನು ಅಲ್ಲೇ ಇರಿಸಿಕೊಳ್ಳಲಾಗುವುದು."

ಇದನ್ನು ಕೇಳಿಯೂ ಜನ ಸಾಲು ನಿಂತರು. ತಲೆ ಹೋಗುವ ಭಯಕ್ಕಿಂತ ಕೆಲಸವಿಲ್ಲದೆ ಮನೆಯಲ್ಲಿ ಕೂರುವ ಭಯ ದೊಡ್ಡದಾಗಿದ್ದ ಕಾಲವದು. ಪರೀಕ್ಷೆಗೆ ತಯಾರು ಮಾಡುವ ಗುರುಗಳೂ ಹುಟ್ಟಿಕೊಂಡಿದ್ದರು. ಅವರ ಮೊದಲ ಪಾಠ ಒಂದೇ: ಏನು ಕೇಳಿದರೂ ಗೊತ್ತಿಲ್ಲ ಎನ್ನಬೇಡ, ಎದೆಯುಬ್ಬಿಸಿ ಏನಾದರೂ ಹೇಳು. ಅವರ ಶಿಷ್ಯರಲ್ಲಿ ಮೂವತ್ತೈದು ಮಂದಿ ಆಗಲೇ ತಲೆ ಕಳೆದುಕೊಂಡಿದ್ದರು. ಗುರುಗಳು ಮಾತ್ರ ಗಟ್ಟಿಮುಟ್ಟಾಗಿದ್ದರು.

ಗಾಣ ರಿಪೇರಿಯ ಮಾಳೋಜನಿಗೆ ಗುರುಗಳಿಗೆ ದುಡ್ಡು ಕೊಡುವ ತಾಕತ್ತಿರಲಿಲ್ಲ. ಊರಿನ ಗಾಣ ನಿಂತು ಎರಡು ವರ್ಷವಾಗಿ, ಅಕ್ಕ ಹೊನ್ನವ್ವನ ಮನೆಯಲ್ಲಿ ಉಣ್ಣುತ್ತಿದ್ದ.

"ಹೋಗ್ಬೇಡವೋ," ಎಂದಳು ಅಕ್ಕ. "ನಿನ್ನೊಂದು ತುತ್ತು ನನಗೆ ಭಾರವಲ್ಲ."

"ನಿನಗಲ್ಲಕ್ಕ, ನನಗೆ ಭಾರ," ಎಂದು ಮಾಳೋಜ ಹೊರಟ.

ಅಂದು ಮೂವರ ಸರದಿ: ಏಳು ಗುರುಗಳಲ್ಲಿ ಕಲಿತ ಜಯಸೇನ, ನಡುವೆ ಮಾಳೋಜ, ಕೊನೆಗೆ ರೇಷ್ಮೆ ಶಲ್ಯದ ಗುಣಭದ್ರ. ಹಲ್ಲುಚಕ್ರಗಳ ಯಂತ್ರ ಮನೆಯೆತ್ತರ ಇತ್ತು; ಒಂದು ಪಕ್ಕ ಅಪಾಯದ ಗಂಟೆ, ಇನ್ನೊಂದು ಪಕ್ಕ ಖಜಾನೆಯ ಬಾಗಿಲು ಮುಚ್ಚುವ ಕಲ್ಲು. ಅದರ ಬುಡದಲ್ಲೇ ತಲೆ ಕಡಿಯುವ ಕಟ್ಟೆ. ಕಟ್ಟೆಯ ಮೇಲೆ ಕೊಡಲಿ ಹಿಡಿದ ಕೆಂಚ, ಸೊಂಟ ಹಿಡಿದುಕೊಂಡು ನಿಂತಿದ್ದ.

ರಾಣಿ ಕೇಳಿದಳು: "ದಿನವೂ ಸರಿಯಾಗಿ ಕೆಲಸ ಮಾಡಿದರೆ ಇವನಿದ್ದಾನೆಂದೇ ಯಾರಿಗೂ ತಿಳಿಯುವುದಿಲ್ಲ. ಒಂದು ದಿನ ತಪ್ಪಿದರೆ ಊರೆಲ್ಲ ಇವನ ಮನೆಗೆ ಓಡಿ ಬರುತ್ತದೆ. ಯಾರಿವನು?"

"ದೇವರು," ಎಂದ ಜಯಸೇನ, ಒಂದು ಕ್ಷಣವೂ ತಡೆಯದೆ.

"ಸ್ವಲ್ಪ ಬಗ್ಗಪ್ಪ, ನನಗೂ ಸೊಂಟ ನೋವು," ಎಂದ ಕೆಂಚ. ಕೊಡಲಿ ಇಳಿಯಿತು. ತಲೆ ಮೆಟ್ಟಿಲ ಮೇಲೆ ಉರುಳಿ ಗುಣಭದ್ರನ ಕಾಲ ಬಳಿ ಬಾಯಿ ತೆರೆದುಕೊಂಡೇ ನಿಂತಿತು. ರಕ್ತ ಕಟ್ಟೆಯ ಕಾಲುವೆ ಹಿಡಿದು ಹರಿಯಿತು. ಪ್ರಶ್ನೆ ಮಾಳೋಜನಿಗೆ ಬಂತು.

"ಕೀಲಿಗೆ ಎಣ್ಣೆ ಬಿಡೋವನು, ತಾಯಿ. ಗಾಣ ಸರಾಗ ತಿರುಗಿದರೆ ಎತ್ತಿಗೆ ಬೆಲ್ಲ ಕೊಡ್ತಾರೆ. ಕಿರುಗುಟ್ಟಿದರೆ ನನ್ನನ್ನ ಹುಡುಕಿಕೊಂಡು ಬರ್ತಾರೆ."

ರಾಣಿ ಸರಿಯೆಂದು ತಲೆಯಾಡಿಸಿ ಎರಡನೆಯ ಒಗಟನ್ನು ಗುಣಭದ್ರನಿಗೆ ಹಾಕಿದಳು. "ನನಗೊಬ್ಬ ಆಳಿದ್ದಾನೆ. ಹೇಳಿದ್ದನ್ನು ಹೇಳಿದಂತೆ ಮಾಡುತ್ತಾನೆ. ನಿದ್ದೆಯಿಲ್ಲ, ಲಂಚವಿಲ್ಲ. ಹೋದ ವರ್ಷ ನನ್ನ ಆರು ಕಾವಲುಗಾರರನ್ನು ಅರೆದು ಹಾಕಿದ. ಅವನು ಯಾರು, ತಪ್ಪು ಯಾರದ್ದು?"

"ಪಟ್ಟದಾನೆ. ತಪ್ಪು ಮಾವುತನದ್ದು," ಎಂದ ಗುಣಭದ್ರ.

ಕೆಂಚನ ಮೊದಲ ಏಟು ಶಲ್ಯಕ್ಕೆ ಸಿಕ್ಕಿ ಜಾರಿತು. ಎರಡನೆಯದೂ ಅರ್ಧಕ್ಕೇ ನಿಂತಿತು. ಮೂರನೆಯದಕ್ಕೆ ಕೂಗು ಅಡಗಿತು. ಮಾಳೋಜನ ಮುಖಕ್ಕೆ ಬಿಸಿಯಾಗಿ ಏನೋ ಚಿಮ್ಮಿತು.

"ಈಗ ನೀನು ಹೇಳು," ಎಂದಳು ರಾಣಿ.

"ಆಳು ಈ ಯಂತ್ರವೇ, ತಾಯಿ. ಗಂಟೆಯ ಹಗ್ಗವನ್ನ ನೇರ ಬಾಗಿಲ ಕಲ್ಲಿಗೆ ಕಟ್ಟಿದ್ದಾರೆ, ನಡುವೆ ತಡೆಯಿಲ್ಲ. ಗಂಟೆ ಬಾರಿಸಿದರೆ ಮುಚ್ಚು ಅಂತ ಹೇಳಿದ್ದಾರೆ. ಜನ ಇದ್ದರೆ ನಿಲ್ಲು ಅಂತ ಹೇಳಿಲ್ಲ. ತಪ್ಪು ಕಟ್ಟಿಸಿದವರದ್ದು."

"ಕಟ್ಟಿಸಿದವರು ಯಾರು, ಗೊತ್ತೇ?"

"ಗೊತ್ತು. ಅದಕ್ಕೇ ಹೆಸರು ಹೇಳಲಿಲ್ಲ."

ರಾಣಿಯ ತುಟಿಯಂಚು ಅಲುಗಿತು, ನಗುವೋ ಸಿಟ್ಟೋ ತಿಳಿಯಲಿಲ್ಲ. "ಕೊನೆಯದು. ಈ ಯಂತ್ರದ ಯಾವ ಹಲ್ಲು ನಾಳೆ ಮುರಿಯುತ್ತದೆ?"

ಇಲ್ಲಿಯವರೆಗೆ ಬಂದ ಹಿಂದಿನ ನಾಲ್ವರೂ ಗಟ್ಟಿ ದನಿಯಲ್ಲಿ ಒಂದೊಂದು ಹಲ್ಲು ಹೆಸರಿಸಿ ಸತ್ತಿದ್ದರು.

"ಗೊತ್ತಿಲ್ಲ, ತಾಯಿ," ಎಂದ ಮಾಳೋಜ.

ಕೊಡಲಿ ಮೇಲೆದ್ದಿತು.

"ಕೆಂಚಣ್ಣ, ಹಾಗೇ ಹಿಡಿದಿರು. ಚಕ್ರ ನಿಲ್ಲಿಸಿ, ಕೈಯಿಟ್ಟು ನೋಡಿ ಹೇಳ್ತೀನಿ. ನೋಡದೆ ಹೇಳಿದರೆ ಅದು ಸುಳ್ಳು."

ರಾಣಿ ಬೆರಳೆತ್ತಿದಳು. ಚಕ್ರ ನಿಂತಿತು. ಮಾಳೋಜ ಭುಜದವರೆಗೂ ಕೈ ತೂರಿಸಿ ಒಂದೊಂದೇ ಹಲ್ಲು ತಡವಿದ. ತಳದ ಸಾಲಿಗೆ ಬರುವಷ್ಟರಲ್ಲಿ ಚಕ್ರ ಗಕ್ಕನೆ ಒಂದು ಹಲ್ಲು ಜಾರಿತು. ಅವನು ಚೀರಿ ಎಳೆದುಕೊಂಡ ಕೈಯಲ್ಲಿ ಕಿರುಬೆರಳಿರಲಿಲ್ಲ. ಉಳಿದ ಬೆರಳಿಗೆ ಕೆಂಪು ಪುಡಿ ಮೆತ್ತಿತ್ತು.

"ತಳದ ಸಾಲಿನ ಹನ್ನೊಂದನೆಯದು," ಎಂದ, ಹಲ್ಲು ಕಚ್ಚಿ. "ತುಕ್ಕು ತಿಂದಿದೆ. ಕಟ್ಟೆಯ ಕಾಲುವೆ ನೇರ ಅದರ ಮೇಲೆ ಬೀಳುತ್ತೆ. ಮೂವತ್ತೇಳು ಜನರ ರಕ್ತ ಕುಡಿದ ಕಬ್ಬಿಣ ಅದು. ಇನ್ನೊಂದು ತಲೆ ಬಿದ್ದರೆ ನಾಳೆ ಮುರಿಯುತ್ತೆ. ಹಲ್ಲು ಬದಲಿಸಿ, ಕಡಿಯೋದು ನಿಲ್ಲಿಸಿದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತಿರುಗುತ್ತೆ."

ರಾಣಿ ಸಿಂಹಾಸನದಿಂದಿಳಿದು ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. "ಗೊತ್ತಿಲ್ಲ ಎಂದು ಒಪ್ಪಿಕೊಂಡು ಆಮೇಲೆ ನೋಡುವವನು ನನಗೆ ಬೇಕಿತ್ತು. ಮೂರನೆಯದಕ್ಕೆ ನಾನು ಕಾಯುತ್ತಿದ್ದ ಉತ್ತರ ಅಷ್ಟೇ," ಎಂದಳು. "ಕಾಲುವೆಯ ವಿಷಯ ನನಗೂ ಗೊತ್ತಿರಲಿಲ್ಲ."

ಕೆಂಚ ಉಸ್ಸೆಂದು ಕೊಡಲಿ ಕೆಳಗಿಟ್ಟ.

ಮಾಳೋಜನಿಗೆ ಪಾಲಕನ ಪದವಿ, ಮನೆ, ವರ್ಷಕ್ಕೆ ಇನ್ನೂರು ಹೊನ್ನು ದೊರೆತವು. ಮರುದಿನವೇ ಅವನು ಕಟ್ಟೆ ಕೀಳಿಸಿ ಹಗ್ಗಕ್ಕೊಂದು ತಡೆ ಹಾಕಿದ. ಅಂದಿನಿಂದ ಸಿರಿಕೋಟೆಯಲ್ಲಿ ಕೆಲಸ ಕೇಳಲು ಹೋದವರು, ಅದು ಸಿಕ್ಕರೂ ಸಿಗದಿದ್ದರೂ, ಸಂಜೆ ತಲೆಸಮೇತ ಮನೆಗೆ ಬಂದು ಉಣ್ಣುತ್ತಾರೆ.